ಯಹೂದಿ ಧರ್ಮ: ದೇವಾಲಯ ಹೋಯಿತು, ಮನೆ ಉಳಿಸಿಕೊಂಡಿತು

2023ರ ಅಕ್ಟೋಬರ್‌ನಿಂದ ಇಸ್ರೇಲ್ ಸುದ್ದಿಯಲ್ಲಿ ಇಲ್ಲದ ದಿನವೇ ಕಡಿಮೆ. ಯುದ್ಧದ ಸುದ್ದಿಯ ಜೊತೆಗೆ ಶಬ್ಬಾತ್, ತೋರಾ, ಸಿನಗಾಗ್, ಕೋಷರ್ ಅನ್ನುವ ಮಾತುಗಳೂ ಕಿವಿಗೆ ಬೀಳುತ್ತಿವೆ. ಇಸ್ರೇಲ್ ಮೇಲೆ ಹಮಾಸ್ ಮಾಡಿದ ಅಕ್ಟೋಬರ್ 7ರ ದಾಳಿ ಆದದ್ದು ಶನಿವಾರ, ಅದೂ ಹಬ್ಬದ ದಿನ ಎಂದು ಓದಿರುತ್ತೀರಿ. ಯಾವ ಹಬ್ಬ? ಶನಿವಾರಕ್ಕೆ ಏನು ವಿಶೇಷ? ಅಷ್ಟರಲ್ಲಿ ವರದಿ ಮುಂದಕ್ಕೆ ಹೋಗಿಬಿಡುತ್ತದೆ.

ಇಲ್ಲಿ ರಾಜಕೀಯದ ಮಾತಿಲ್ಲ. ಈ ಧರ್ಮ ಏನು ನಂಬುತ್ತದೆ, ನಂಬುವವರು ದಿನನಿತ್ಯ ಏನು ಮಾಡುತ್ತಾರೆ ಅನ್ನುವುದಷ್ಟೇ ಇದೆ. ನಮ್ಮ ಸುತ್ತ ಯಹೂದಿಗಳು ಕಡಿಮೆ. ಹಾಗಾಗಿ ಮೊದಲಿನಿಂದಲೇ ಶುರು ಮಾಡೋಣ.

## ಯಹೂದಿ ಬೇರೆ, ಇಸ್ರೇಲಿ ಬೇರೆ

ಇಸ್ರೇಲಿ ಅಂದರೆ ಇಸ್ರೇಲ್ ದೇಶದ ಪ್ರಜೆ. ಆ ದೇಶದ ಪ್ರಜೆಗಳಲ್ಲಿ ಐದರಲ್ಲೊಂದು ಪಾಲು ಅರಬರು. ಅವರಲ್ಲಿ ಮುಸ್ಲಿಮರು, ಕ್ರೈಸ್ತರು, ಡ್ರೂಜ್ ಎಂಬ ಪ್ರತ್ಯೇಕ ಪಂಥದವರು ಇದ್ದಾರೆ. ಯಹೂದಿ ಅಂದರೆ ಯಹೂದಿ ಜನಾಂಗಕ್ಕೆ ಅಥವಾ ಧರ್ಮಕ್ಕೆ ಸೇರಿದವರು. ಅವರು ಯಾವ ದೇಶದಲ್ಲಾದರೂ ಇರಬಹುದು. ಪ್ರಪಂಚದಲ್ಲಿ ಇವರ ಸಂಖ್ಯೆ ಸುಮಾರು ಒಂದೂವರೆ ಕೋಟಿ. ಕರ್ನಾಟಕದ ಜನಸಂಖ್ಯೆಯ ಕಾಲು ಭಾಗದಷ್ಟು ಮಾತ್ರ. ಹೆಚ್ಚುಕಡಿಮೆ ಅರ್ಧದಷ್ಟು ಜನ ಇಸ್ರೇಲಿನಲ್ಲಿದ್ದಾರೆ. ಉಳಿದವರಲ್ಲಿ ಜಾಸ್ತಿ ಜನ ಇರುವುದು ಅಮೆರಿಕದಲ್ಲಿ.

ಜನಾಂಗ ಮತ್ತು ಧರ್ಮ ಇಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ಸಾಂಪ್ರದಾಯಿಕ ನಿಯಮದ ಪ್ರಕಾರ ತಾಯಿ ಯಹೂದಿಯಾದರೆ ಮಗು ಯಹೂದಿ. ಆ ಮಗು ದೊಡ್ಡವನಾಗಿ ದೇವರನ್ನೇ ನಂಬದಿದ್ದರೂ ಯಹೂದಿಯಾಗಿಯೇ ಉಳಿಯುತ್ತಾನೆ. ಹೊರಗಿನವರೂ ಸೇರಬಹುದು, ಆದರೆ ಅದು ಸುಲಭ ಅಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಓದಬೇಕು. ಮೂವರು ಸದಸ್ಯರ ಧಾರ್ಮಿಕ ನ್ಯಾಯಮಂಡಳಿ ಒಪ್ಪಬೇಕು. ಮಿಕ್ವೆ ಎಂಬ ಕೊಳದಲ್ಲಿ ಮುಳುಗಿ ಏಳಬೇಕು. ಯಹೂದಿಗಳು ಮತಪ್ರಚಾರಕ್ಕೆ ಹೋಗುವುದಿಲ್ಲ. ಬೇರೆಯವರು ಒಳ್ಳೆಯವರಾಗಿ ಬಾಳಲು ಯಹೂದಿಯಾಗಲೇಬೇಕು ಅಂತ ಅವರ ಧರ್ಮ ಹೇಳುವುದೂ ಇಲ್ಲ.

## ಒಬ್ಬ ದೇವರು, ಒಂದು ಒಡಂಬಡಿಕೆ

ನಂಬಿಕೆಯ ಬುಡ ಒಂದೇ ಸಾಲಿನಲ್ಲಿದೆ: 'ಇಸ್ರಾಯೇಲೇ, ಕೇಳು. ನಮ್ಮ ದೇವರು ಒಬ್ಬನೇ.' ಇದನ್ನು ಶೆಮಾ ಅನ್ನುತ್ತಾರೆ. ಬೆಳಿಗ್ಗೆ, ಸಂಜೆ ಹೇಳುತ್ತಾರೆ. ಸಾಯುವ ಹೊತ್ತಿಗೂ ಇದೇ ಬಾಯಲ್ಲಿರಬೇಕು ಅನ್ನುವುದು ಆಸೆ. ಶೆಮಾ ಬರೆದ ಚರ್ಮದ ಹಾಳೆಯನ್ನು ಸುರುಳಿ ಸುತ್ತಿ, ಪುಟ್ಟ ಕರಂಡಕದಲ್ಲಿಟ್ಟು, ಮನೆಯ ಬಾಗಿಲ ಚೌಕಟ್ಟಿಗೆ ಬಲಗಡೆ ಹೊಡೆದಿರುತ್ತಾರೆ. ಅದಕ್ಕೆ ಮೆಜುಜಾ ಎಂದು ಹೆಸರು. ಒಳಗೆ ಹೋಗುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುವ ರೂಢಿ ಇದೆ.

ಈ ದೇವರಿಗೆ ರೂಪ ಇಲ್ಲ, ಮೂರ್ತಿ ಇಲ್ಲ. ಹೆಸರಿದೆ. ಹೀಬ್ರೂವಿನ ನಾಲ್ಕು ಅಕ್ಷರಗಳ ಆ ಹೆಸರನ್ನು ಯಾರೂ ಉಚ್ಚರಿಸುವುದಿಲ್ಲ. ಪ್ರಾರ್ಥನೆಯಲ್ಲಿ ಅದು ಬಂದಲ್ಲಿ 'ಅದೋನಾಯ್', ಅಂದರೆ 'ನನ್ನ ಒಡೆಯ' ಅನ್ನುತ್ತಾರೆ. ಮಾಮೂಲಿ ಮಾತಿನಲ್ಲಿ ಬರೀ 'ಹಶೆಮ್', ಅಂದರೆ 'ಆ ಹೆಸರು' ಅನ್ನುತ್ತಾರೆ.

ಆ ದೇವರು ಅಬ್ರಹಾಮನ ಜೊತೆ ಒಡಂಬಡಿಕೆ ಮಾಡಿಕೊಂಡ ಎಂಬುದು ಅವರ ನಂಬಿಕೆ. ಅಬ್ರಹಾಮನ ಮೊಮ್ಮಗ ಯಾಕೋಬ. ಅವನ ಇನ್ನೊಂದು ಹೆಸರೇ ಇಸ್ರಾಯೇಲ್. ಅವನ ಸಂತತಿ ಈಜಿಪ್ಟಿನಲ್ಲಿ ಗುಲಾಮರಾಗಿ ನರಳಿತು. ಮೋಶೆ ಅವರನ್ನು ಬಿಡಿಸಿ ತಂದ. ಸೀನಾಯ್ ಬೆಟ್ಟದಲ್ಲಿ ದೇವರು ಅವರಿಗೆ ತೋರಾ ಕೊಟ್ಟ. ಹತ್ತು ಆಜ್ಞೆಗಳು ಅದರಲ್ಲಿ ಪ್ರಸಿದ್ಧ. ಆದರೆ ಸಂಪ್ರದಾಯ ಎಣಿಸುವ ಒಟ್ಟು ಆಜ್ಞೆಗಳು 613. 'ಮಾಡು' ಅನ್ನುವವು 248, 'ಮಾಡಬೇಡ' ಅನ್ನುವವು 365.

'ದೇವರು ಆರಿಸಿದ ಜನ' ಎಂಬ ಮಾತನ್ನು ಹೊರಗಿನವರು ಜಂಬ ಎಂದುಕೊಳ್ಳುವುದುಂಟು. ಸಾಂಪ್ರದಾಯಿಕ ವಿವರಣೆ ಬೇರೆಯೇ ಇದೆ. ಆರಿಸಿದ್ದು ಹೊಣೆ ಹೊರುವುದಕ್ಕೆ. 613 ಆಜ್ಞೆಗಳ ಭಾರ ಯಹೂದಿಗಳ ಮೇಲಿದೆ. ಉಳಿದ ಮನುಷ್ಯರಿಗೆ ಏಳು ನಿಯಮ ಸಾಕು: ಕೊಲೆ ಬೇಡ, ಕಳ್ಳತನ ಬೇಡ, ನ್ಯಾಯಾಲಯ ಇರಲಿ, ಹೀಗೆ.

ಸತ್ತ ಮೇಲೆ ಏನು? ಮುಂದೊಂದು ಲೋಕ ಇದೆ, ಮೆಸ್ಸಾಯ ಎಂಬ ವಿಮೋಚಕ ಬರುತ್ತಾನೆ, ಸತ್ತವರು ಏಳುತ್ತಾರೆ ಎಂಬ ನಂಬಿಕೆಗಳು ಇವೆ. 12ನೇ ಶತಮಾನದ ಪಂಡಿತ ಮೈಮೊನಿಡಿಸ್ ಪಟ್ಟಿ ಮಾಡಿದ 13 ತತ್ವಗಳಲ್ಲಿ ಇವೂ ಸೇರಿವೆ. ಯೇಸುವೇ ಆ ಮೆಸ್ಸಾಯ ಎಂಬುದನ್ನು ಯಹೂದಿಗಳು ಒಪ್ಪುವುದಿಲ್ಲ. ಕ್ರೈಸ್ತ ಧರ್ಮ ಬೇರೆಯಾದದ್ದು ಈ ಪ್ರಶ್ನೆಯ ಮೇಲೆ. ಆದರೂ ಯಹೂದಿಗಳ ಮಾತುಕತೆಯಲ್ಲಿ ಪರಲೋಕದ ಪ್ರಸ್ತಾಪ ಕಡಿಮೆ. ಇವತ್ತು ಏನು ಮಾಡಬೇಕು ಅನ್ನುವುದೇ ದೊಡ್ಡ ವಿಷಯ.

## ದೇವಾಲಯ ಹೋದ ಮೇಲೆ

ಈ ಧರ್ಮ ಈಗಿನ ರೂಪಕ್ಕೆ ಯಾಕೆ ಬಂತು ಅಂತ ತಿಳಿಯಲು ಒಂದು ಇಸವಿ ನೆನಪಿಟ್ಟುಕೊಂಡರೆ ಸಾಕು: ಕ್ರಿ.ಶ. 70.

ಅದಕ್ಕೆ ಮುಂಚೆ ಎಲ್ಲವೂ ಜೆರುಸಲೇಮಿನ ಒಂದೇ ದೇವಾಲಯದ ಸುತ್ತ ಇತ್ತು. ಪುರೋಹಿತರಿದ್ದರು. ಪ್ರಾಣಿಬಲಿ, ಧಾನ್ಯದ ಕಾಣಿಕೆ ಎಲ್ಲ ನಡೆಯುತ್ತಿತ್ತು. ಸೊಲೊಮೋನ ಕಟ್ಟಿಸಿದ ಮೊದಲ ದೇವಾಲಯವನ್ನು ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ಸುಟ್ಟರು. ಮತ್ತೆ ಕಟ್ಟಿದ್ದನ್ನು ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದರು. ಈಗ ಜನ ಹಣೆಯಿಟ್ಟು ಪ್ರಾರ್ಥಿಸುವ ಪಶ್ಚಿಮ ಗೋಡೆ ದೇವಾಲಯದ್ದಲ್ಲ. ದೇವಾಲಯ ನಿಂತಿದ್ದ ದಿಬ್ಬಕ್ಕೆ ಆಸರೆಯಾಗಿ ಕಟ್ಟಿದ ಗೋಡೆ ಅದು.

ಬಲಿ ಕೊಡಲು ಬೇರೆ ಜಾಗ ಇರಲಿಲ್ಲ. ಪುರೋಹಿತರಿಗೆ ಕೆಲಸ ಉಳಿಯಲಿಲ್ಲ. ಆಗ ಯಾವ್ನೆ ಎಂಬ ಊರಿನಲ್ಲಿ ಯೊಹಾನಾನ್ ಬೆನ್ ಜಕ್ಕಾಯ್ ಮತ್ತು ಇತರ ಪಂಡಿತರು ಧರ್ಮವನ್ನು ಹೊಸದಾಗಿ ಜೋಡಿಸಿದರು. ಬಲಿಯ ಜಾಗಕ್ಕೆ ದಿನಕ್ಕೆ ಮೂರು ಹೊತ್ತಿನ ಪ್ರಾರ್ಥನೆ ಬಂತು. ಬಲಿಪೀಠದ ಜಾಗಕ್ಕೆ ಮನೆಯ ಊಟದ ಮೇಜು ಬಂತು. ಪುರೋಹಿತರ ಜಾಗಕ್ಕೆ ರಬ್ಬಿ, ಅಂದರೆ ಗುರು, ಬಂದರು. ಇಷ್ಟು ದೊಡ್ಡ ಆಘಾತವನ್ನು ಓದಿನಿಂದ, ಅಡುಗೆಮನೆಯಿಂದ ದಾಟಿಕೊಂಡ ಜನ ಇವರು. ನನಗೆ ಈ ಧರ್ಮದಲ್ಲಿ ಅತ್ಯಂತ ಆಶ್ಚರ್ಯ ಎನಿಸುವುದು ಇದೇ.

ಸಿನಗಾಗ್ ಅಂದರೆ ಸೇರುವ ಮನೆ. ಅಲ್ಲಿ ವಿಗ್ರಹ ಇರುವುದಿಲ್ಲ. ಜೆರುಸಲೇಮಿನ ದಿಕ್ಕಿಗೆ ಒಂದು ಕಪಾಟು, ಅದರೊಳಗೆ ತೋರಾ ಸುರುಳಿಗಳು. ಭಾರತದಲ್ಲಾದರೆ ಆ ದಿಕ್ಕು ಪಶ್ಚಿಮ. ಪೂರ್ತಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ವಯಸ್ಕರು ಇರಲೇಬೇಕು. ಸಂಪ್ರದಾಯಸ್ಥರಲ್ಲಿ ಗಂಡಸರನ್ನು ಮಾತ್ರ ಎಣಿಸುತ್ತಾರೆ. ಸುಧಾರಣಾವಾದಿಗಳಲ್ಲಿ ಹೆಂಗಸರೂ ಲೆಕ್ಕಕ್ಕೆ ಸೇರುತ್ತಾರೆ. ರಬ್ಬಿ ಇಲ್ಲದಿದ್ದರೂ ನಡೆಯುತ್ತದೆ, ಹತ್ತು ಜನ ಇಲ್ಲದಿದ್ದರೆ ಇಲ್ಲ.

## ತೋರಾ, ತಾಲ್ಮುದ್ ಮತ್ತು ಜಗಳದ ಮರ್ಯಾದೆ

ತೋರಾ ಅಂದರೆ ಮೋಶೆಯ ಐದು ಪುಸ್ತಕಗಳು. ಪ್ರವಾದಿಗಳು ಮತ್ತು ಇತರ ಬರಹಗಳು ಸೇರಿದರೆ ತನಖ್. ಕ್ರೈಸ್ತರು ಹಳೆಯ ಒಡಂಬಡಿಕೆ ಅನ್ನುವುದು ಹೆಚ್ಚುಕಡಿಮೆ ಇದನ್ನೇ.

ಸಿನಗಾಗ್‌ನಲ್ಲಿ ಓದುವ ತೋರಾ ಅಚ್ಚಾದ ಪುಸ್ತಕ ಅಲ್ಲ. ಚರ್ಮದ ಹಾಳೆಯ ಮೇಲೆ ಗರಿಯ ಲೇಖನಿಯಿಂದ ಕೈಯಲ್ಲೇ ಬರೆದದ್ದು. 304,805 ಅಕ್ಷರ. ಬರೆದು ಮುಗಿಸಲು ಒಂದು ವರ್ಷವೇ ಹಿಡಿಯಬಹುದು. ಒಂದು ಅಕ್ಷರ ತಪ್ಪಿದ್ದರೂ, ಅಳಿಸಿಹೋಗಿದ್ದರೂ, ಸರಿಪಡಿಸುವವರೆಗೆ ಆ ಸುರುಳಿಯನ್ನು ಓದುವ ಹಾಗಿಲ್ಲ. ಓದುವಾಗ ಬೆರಳು ತಾಗಿಸುವುದಿಲ್ಲ. ತುದಿಯಲ್ಲಿ ಪುಟ್ಟ ಕೈಯಿರುವ ಬೆಳ್ಳಿಯ ಕಡ್ಡಿಯಿಂದ ಸಾಲು ತೋರಿಸುತ್ತಾ ಹೋಗುತ್ತಾರೆ. ವಾರಕ್ಕೊಂದು ಭಾಗದಂತೆ ಓದಿ ವರ್ಷಕ್ಕೊಮ್ಮೆ ಮುಗಿಸಿ, ಅದೇ ದಿನ ಮತ್ತೆ ಮೊದಲ ಸಾಲಿನಿಂದ ಶುರು ಮಾಡುತ್ತಾರೆ. ಸುರುಳಿಗಳನ್ನು ಅಪ್ಪಿಕೊಂಡು ಕುಣಿಯುವ ಆ ಹಬ್ಬವೇ ಸಿಮ್ಖಾತ್ ತೋರಾ. 2023ರ ಅಕ್ಟೋಬರ್ 7 ಇಸ್ರೇಲಿನಲ್ಲಿ ಈ ಹಬ್ಬದ ದಿನವಾಗಿತ್ತು.

ತೋರಾದ ಆಜ್ಞೆಗಳು ಹಲವು ಕಡೆ ತುಂಬಾ ಚುಟುಕು. 'ಏಳನೇ ದಿನ ಕೆಲಸ ಮಾಡಬೇಡ' ಅಂದರೆ ಯಾವುದು ಕೆಲಸ? ಇಂಥ ಪ್ರಶ್ನೆಗಳಿಗೆ ಬಾಯಿಂದ ಬಾಯಿಗೆ ಬಂದ ಉತ್ತರಗಳನ್ನು ಸುಮಾರು ಕ್ರಿ.ಶ. 200ರಲ್ಲಿ ರಬ್ಬಿ ಯೆಹೂದಾ ಹನಸಿ ಸಂಕಲಿಸಿದರು. ಅದು ಮಿಷ್ನಾ. ಅದರ ಮೇಲೆ ನಡೆದ ಶತಮಾನಗಳ ಚರ್ಚೆ ಸೇರಿ ತಾಲ್ಮುದ್ ಆಯಿತು. ತಾಲ್ಮುದ್‌ನ ಪುಟ ನೋಡುವುದೇ ಒಂದು ಅನುಭವ. ನಡುವೆ ಮೂಲ ಪಠ್ಯ. ಒಂದು ಪಕ್ಕದಲ್ಲಿ 11ನೇ ಶತಮಾನದ ರಾಶಿ ಎಂಬ ಪಂಡಿತರ ವ್ಯಾಖ್ಯಾನ. ಇನ್ನೊಂದು ಪಕ್ಕದಲ್ಲಿ ಅದನ್ನು ಪ್ರಶ್ನಿಸುವ ಮುಂದಿನ ತಲೆಮಾರಿನವರ ಟಿಪ್ಪಣಿ. ಸೋತ ವಾದವನ್ನೂ ಅಳಿಸದೆ ಉಳಿಸಿದ್ದಾರೆ. ಹಿಲ್ಲೆಲ್ ಮತ್ತು ಶಮ್ಮಾಯ್ ಎಂಬ ಇಬ್ಬರು ಗುರುಗಳ ಶಿಷ್ಯರು ಮೂರು ವರ್ಷ ವಾದ ಮಾಡಿದರಂತೆ. ಕೊನೆಗೆ 'ಇದೂ ಅದೂ ಎರಡೂ ಜೀವಂತ ದೇವರ ಮಾತೇ, ಆದರೆ ನಡೆಯಬೇಕಾದ್ದು ಹಿಲ್ಲೆಲ್‌ನ ದಾರಿಯಲ್ಲಿ' ಎಂದು ಆಕಾಶವಾಣಿ ಆಯಿತಂತೆ.

ಇದೇ ಹಿಲ್ಲೆಲ್ ಬಳಿಗೆ ಒಬ್ಬ ಬಂದು, 'ನಾನು ಒಂಟಿಕಾಲಲ್ಲಿ ನಿಂತಿರುವಷ್ಟರಲ್ಲಿ ತೋರಾ ಪೂರ್ತಿ ಕಲಿಸು' ಎಂದು ಕೇಳಿದ ಕಥೆ ತಾಲ್ಮುದ್‌ನಲ್ಲಿದೆ. ಹಿಲ್ಲೆಲ್ ಹೇಳಿದ್ದು: 'ನಿನಗೆ ಹಿಡಿಸದ್ದನ್ನು ಇನ್ನೊಬ್ಬನಿಗೆ ಮಾಡಬೇಡ. ತೋರಾ ಅಂದರೆ ಇಷ್ಟೇ. ಉಳಿದದ್ದು ವ್ಯಾಖ್ಯಾನ. ಹೋಗಿ ಕಲಿ.'

## ಎಸೆಯದ ಕಾಗದ, ಮಂಗಳೂರಿನ ವ್ಯಾಪಾರಿ

ಇಲ್ಲಿ ಒಂದು ಸಣ್ಣ ಆಚಾರ ಹೇಳಲೇಬೇಕು, ಯಾಕೆಂದರೆ ಅದರ ಒಂದು ಎಳೆ ನಮ್ಮ ಕರಾವಳಿಗೆ ಬರುತ್ತದೆ. ದೇವರ ಹೆಸರಿರುವ ಬರಹವನ್ನು ಯಹೂದಿಗಳು ಸುಡುವುದಿಲ್ಲ, ಕಸಕ್ಕೆ ಹಾಕುವುದಿಲ್ಲ. ಹಳೆಯದಾದರೆ ಮಣ್ಣು ಮಾಡುತ್ತಾರೆ. ಅಲ್ಲಿಯವರೆಗೆ ಸಿನಗಾಗ್‌ನ ಒಂದು ಕೋಣೆಯಲ್ಲಿಡುತ್ತಾರೆ. ಆ ಕೋಣೆಗೆ ಗೆನಿಜಾ ಎಂದು ಹೆಸರು. ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಧರ್ಮಗ್ರಂಥದ ಹಾಳೆಗಳ ಜೊತೆಗೆ ವ್ಯಾಪಾರದ ಪತ್ರ, ಲೆಕ್ಕದ ಚೀಟಿ, ಮದುವೆ ಕರಾರು ಎಲ್ಲವನ್ನೂ ಅಲ್ಲೇ ಹಾಕುತ್ತಾ ಬಂದರು, ಶತಮಾನಗಟ್ಟಲೆ. ಸುಮಾರು 4 ಲಕ್ಷ ತುಣುಕುಗಳು ಉಳಿದವು. 1896-97ರಲ್ಲಿ ಸೊಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಅದರ ದೊಡ್ಡ ಪಾಲನ್ನು ಕೇಂಬ್ರಿಡ್ಜ್‌ಗೆ ಒಯ್ದರು.

ಆ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯ ಕಾಗದಗಳು ಸಿಕ್ಕವು. ಈತ ಟ್ಯುನೀಸಿಯಾ ಕಡೆಯವನು. ಯೆಮನ್‌ನ ಏಡನ್ ಬಂದರಿನ ಮೂಲಕ ಮಂಗಳೂರಿಗೆ ಬಂದು 12ನೇ ಶತಮಾನದಲ್ಲಿ ವರ್ಷಗಟ್ಟಲೆ ಈ ಕರಾವಳಿಯಲ್ಲಿ ನೆಲೆಸಿದ್ದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯೂ ಅವನಿಗಿತ್ತು. ಅಶು ಎಂಬ ದಾಸಿಯನ್ನು 1132ರಲ್ಲಿ ಮಂಗಳೂರಿನಲ್ಲಿ ಬಿಡುಗಡೆ ಮಾಡಿದ ಪತ್ರ ಇದೆ. ಆಕೆಯನ್ನೇ ಮದುವೆಯಾದ ಎಂದು ವಿದ್ವಾಂಸರು ಹೇಳುತ್ತಾರೆ. ಅವನ ಪರವಾಗಿ ಸರಕು ಹೊತ್ತು ಏಡನ್‌ವರೆಗೆ ಹೋಗಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. ಬರಹಕ್ಕೆ ಅಷ್ಟು ಗೌರವ ಕೊಡುವ ಆಚಾರ ಇಲ್ಲದಿದ್ದರೆ 900 ವರ್ಷದ ಹಿಂದಿನ ಅಶು, ಬೊಮ್ಮ ನಮಗೆ ಗೊತ್ತಾಗುತ್ತಲೇ ಇರಲಿಲ್ಲ.

## ಶಬ್ಬಾತ್: ಕೈ ನಿಲ್ಲಿಸುವ ದಿನ

ದೇವರು ಆರು ದಿನ ಸೃಷ್ಟಿ ಮಾಡಿ ಏಳನೇ ದಿನ ನಿಲ್ಲಿಸಿದ. ಹಾಗಾಗಿ ಮನುಷ್ಯನೂ ನಿಲ್ಲಿಸಬೇಕು. ಯಹೂದಿಗಳ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಹಾಗಾಗಿ ಶಬ್ಬಾತ್ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವವರೆಗೆ ಇರುತ್ತದೆ.

ಶುಕ್ರವಾರ ಮಧ್ಯಾಹ್ನ ಮನೆಯಲ್ಲಿ ಗಡಿಬಿಡಿ. ಅಡುಗೆ, ಸ್ನಾನ, ಗುಡಿಸುವುದು ಎಲ್ಲ ಮುಗಿಯಬೇಕು. ಜೆರುಸಲೇಮಿನಲ್ಲಿ ಸೈರನ್ ಕೂಗುತ್ತದೆ. ಮನೆಯ ಹೆಂಗಸು ಎರಡು ಮೇಣದಬತ್ತಿ ಹಚ್ಚುತ್ತಾಳೆ. ಬೆಳಕನ್ನು ತನ್ನತ್ತ ಬರಮಾಡಿಕೊಳ್ಳುವಂತೆ ಕೈ ಸುತ್ತಿಸಿ, ಅಂಗೈಯಿಂದ ಕಣ್ಣು ಮುಚ್ಚಿ ಮಂತ್ರ ಹೇಳುತ್ತಾಳೆ. ಕಣ್ಣು ಮುಚ್ಚುವುದೇಕೆ? ಯಾವುದೇ ಕೆಲಸಕ್ಕೆ ಮಂತ್ರ ಮೊದಲು, ಕೆಲಸ ಆಮೇಲೆ ಎಂಬುದು ನಿಯಮ. ಆದರೆ ಇಲ್ಲಿ ಮಂತ್ರ ಹೇಳಿದ ಕ್ಷಣ ಶಬ್ಬಾತ್ ಶುರು, ಆಮೇಲೆ ಬೆಂಕಿ ಹಚ್ಚುವಂತಿಲ್ಲ. ಅದಕ್ಕೆ ಮೊದಲು ದೀಪ ಹಚ್ಚಿ, ಅದನ್ನು ನೋಡದೆ ಮಂತ್ರ ಹೇಳಿ, ಆಮೇಲೆ ಕಣ್ಣು ಬಿಟ್ಟು ಬೆಳಕು ನೋಡುತ್ತಾರೆ. ಎರಡು ನಿಯಮವೂ ಉಳಿಯಿತು.

ಮೇಜಿನ ಮೇಲೆ ದ್ರಾಕ್ಷಾರಸ ಇರುತ್ತದೆ. ಹೆಣೆದ ಎರಡು ಬ್ರೆಡ್ಡು ಬಟ್ಟೆ ಮುಚ್ಚಿಕೊಂಡಿರುತ್ತವೆ. ಈಜಿಪ್ಟಿನಿಂದ ಹೊರಟ ಪೂರ್ವಜರಿಗೆ ಮರಳುಗಾಡಿನಲ್ಲಿ ಶಬ್ಬಾತ್‌ಗೆ ಮುಂಚಿನ ದಿನ ಆಕಾಶದಿಂದ ಎರಡು ಪಾಲು ಆಹಾರ ಬಿತ್ತು ಎಂಬುದರ ನೆನಪು ಅದು. ಅಪ್ಪ ಅಮ್ಮ ಮಕ್ಕಳ ತಲೆ ಮೇಲೆ ಕೈಯಿಟ್ಟು ಹರಸುತ್ತಾರೆ. ಶನಿವಾರದ ಬಿಸಿ ಊಟಕ್ಕೆ ಹಿಂದಿನ ದಿನವೇ ಮಾಂಸ, ಕಾಳು, ಆಲೂಗಡ್ಡೆ ಹಾಕಿ ಸಣ್ಣ ಉರಿಯಲ್ಲಿ ರಾತ್ರಿಯಿಡೀ ಬೇಯಲು ಬಿಟ್ಟಿರುತ್ತಾರೆ.

ಈಗ 'ಕೆಲಸ' ಅಂದರೆ ಏನು ಎಂಬ ಪ್ರಶ್ನೆ. ಮರಳುಗಾಡಿನಲ್ಲಿ ದೇವರ ಗುಡಾರ ಕಟ್ಟಲು ಬೇಕಾದ ಕೆಲಸಗಳನ್ನು ರಬ್ಬಿಗಳು ಲೆಕ್ಕ ಹಾಕಿದರು. ಅವು 39. ಉಳುವುದು, ಬೇಯಿಸುವುದು, ನೇಯುವುದು, ಬರೆಯುವುದು, ಬೆಂಕಿ ಹಚ್ಚುವುದು, ಮನೆಯಿಂದ ಬೀದಿಗೆ ವಸ್ತು ಒಯ್ಯುವುದು ಇವೆಲ್ಲ ಅದರಲ್ಲಿವೆ. ದಣಿವಿಗೂ ಇದಕ್ಕೂ ಸಂಬಂಧ ಇಲ್ಲ. ಮನೆಯೊಳಗೆ ಭಾರದ ಕುರ್ಚಿ ಸರಿಸಬಹುದು, ಬೀದಿಯಲ್ಲಿ ಜೇಬಿನ ಕರವಸ್ತ್ರ ಒಯ್ಯುವಂತಿಲ್ಲ. ಹೊಸದನ್ನು ಮಾಡುವ, ಪ್ರಪಂಚವನ್ನು ಬದಲಿಸುವ ಕೈ ಒಂದು ದಿನ ಸುಮ್ನೆ ಇರಬೇಕು. ಇವತ್ತಿನ ಆಚಾರವಂತರು ಕಾರು ಓಡಿಸುವುದಿಲ್ಲ, ಫೋನ್ ಮುಟ್ಟುವುದಿಲ್ಲ, ಸ್ವಿಚ್ ಹಾಕುವುದಿಲ್ಲ. ದೀಪಕ್ಕೆ ಮೊದಲೇ ಟೈಮರ್ ಇಟ್ಟಿರುತ್ತಾರೆ. ಬಟನ್ ಒತ್ತದೇ ಹತ್ತಿ ಇಳಿಯಲು, ತಾನಾಗಿ ನಿಲ್ಲುತ್ತಾ ಹೋಗುವ ಲಿಫ್ಟ್‌ಗಳು ಇವೆ. ಬೀದಿ ಬೀದಿಗಳ ಸುತ್ತ ತಂತಿ ಎಳೆದು, ಇಡೀ ಬಡಾವಣೆಯನ್ನು ಒಂದೇ ಅಂಗಳ ಎಂದು ಪರಿಗಣಿಸುವ ಏರ್ಪಾಡೂ ಇದೆ. ನ್ಯೂಯಾರ್ಕಿನ ಮ್ಯಾನ್‌ಹಟನ್ ಸುತ್ತ ಅಂಥ ತಂತಿ ಇದೆ.

ಎಲ್ಲಕ್ಕಿಂತ ಮೇಲೆ ಒಂದು ನಿಯಮ: ಜೀವ ಉಳಿಸಬೇಕಾದರೆ ಶಬ್ಬಾತ್ ಮುರಿಯಲೇಬೇಕು. ಆಜ್ಞೆಗಳಿರುವುದು ಬದುಕಲಿಕ್ಕೆ, ಸಾಯಲಿಕ್ಕೆ ಅಲ್ಲ ಎಂದು ತಾಲ್ಮುದ್ ಹೇಳುತ್ತದೆ. ಅಕ್ಟೋಬರ್ 7ರಂದು ಆಚಾರವಂತರೂ ಫೋನ್ ಎತ್ತಿಕೊಂಡರು, ಗಾಡಿ ತೆಗೆದರು. ಕಾರಣ ಈ ನಿಯಮವೇ.

## ಕೋಷರ್ ಅಡುಗೆಮನೆ

ಕೋಷರ್ ಅಂದರೆ ತಿನ್ನಲು ತಕ್ಕದ್ದು. ಪ್ರಾಣಿ ಮೆಲುಕು ಹಾಕಬೇಕು, ಗೊರಸು ಸೀಳಿರಬೇಕು. ಹಸು, ಕುರಿ, ಮೇಕೆ ಆಗುತ್ತದೆ. ಹಂದಿಯ ಗೊರಸು ಸೀಳಿದೆ, ಆದರೆ ಮೆಲುಕು ಹಾಕುವುದಿಲ್ಲ. ಅದು ನಿಷಿದ್ಧ. ಮೀನಿಗೆ ರೆಕ್ಕೆಯೂ ಪೊರೆಯೂ ಇರಬೇಕು. ನಮ್ಮ ಬಂಗುಡೆ, ಬೂತಾಯಿ ಆಗುತ್ತದೆ. ಸಿಗಡಿ, ಏಡಿ, ಮರುವಾಯಿ ಆಗುವುದಿಲ್ಲ. ಪ್ರಾಣಿ, ಕೋಳಿಗಳನ್ನು ತರಬೇತಾದವರೇ ಹರಿತವಾದ ಕತ್ತಿಯಿಂದ ಒಮ್ಮೆಲೇ ಕೊಯ್ಯಬೇಕು. ರಕ್ತದಲ್ಲಿ ಜೀವ ಇದೆ ಎಂದು ನಂಬುವುದರಿಂದ ಮಾಂಸವನ್ನು ನೆನೆಸಿ, ಉಪ್ಪು ಹಚ್ಚಿ ರಕ್ತ ತೆಗೆಯುತ್ತಾರೆ. ಒಡೆದ ಮೊಟ್ಟೆಯಲ್ಲಿ ರಕ್ತದ ಚುಕ್ಕೆ ಕಂಡರೆ ಅದನ್ನು ಬಿಸಾಡುತ್ತಾರೆ.

ಇದಕ್ಕಿಂತ ಕಷ್ಟದ್ದು ಹಾಲು-ಮಾಂಸದ ನಿಯಮ. 'ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ' ಎಂದು ತೋರಾದಲ್ಲಿ ಮೂರು ಕಡೆ ಬರುತ್ತದೆ. ಅದನ್ನೇ ವಿಸ್ತರಿಸಿ, ಹಾಲಿನ ಪದಾರ್ಥ ಮತ್ತು ಮಾಂಸ ಒಟ್ಟಿಗೆ ಬೇಡವೇ ಬೇಡ ಎಂದರು. ಕೋಳಿಯೂ ಮಾಂಸದ ಲೆಕ್ಕಕ್ಕೆ ಸೇರಿತು. ಹಾಗಾಗಿ ಬಟರ್ ಚಿಕನ್ ಕೋಷರ್ ಆಗುವುದಿಲ್ಲ. ಮಾಂಸ ತಿಂದ ಮೇಲೆ ಹಾಲಿನದ್ದು ಮುಟ್ಟಲು ಹಲವರು ಆರು ಗಂಟೆ ಕಾಯುತ್ತಾರೆ. ಪಾತ್ರೆ, ತಟ್ಟೆ, ಚಮಚ ಎಲ್ಲ ಎರಡು ಜೊತೆ. ಎರಡು ಸಿಂಕ್ ಇರುವ ಮನೆಗಳೂ ಬೇಕಾದಷ್ಟು.

## ವರ್ಷದ ಹಬ್ಬಗಳು

ಯಹೂದಿ ಪಂಚಾಂಗ ನಮ್ಮ ಯುಗಾದಿ ಪಂಚಾಂಗದ ಹಾಗೆಯೇ ನಡೆಯುತ್ತದೆ. ತಿಂಗಳು ಚಂದ್ರನದು, ವರ್ಷ ಸೂರ್ಯನದು. ಎರಡಕ್ಕೂ ತಾಳೆ ಮಾಡಲು ನಮ್ಮಲ್ಲಿ ಅಧಿಕ ಮಾಸ ಬರುತ್ತದೆ ಅಲ್ವಾ? ಅವರಲ್ಲೂ 19 ವರ್ಷದಲ್ಲಿ 7 ಸಲ ಅದಾರ್ ತಿಂಗಳು ಎರಡು ಬಾರಿ ಬರುತ್ತದೆ. ಅವರ 5786ನೇ ವರ್ಷ 2025ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು.

ಹೊಸ ವರ್ಷ ರೋಷ್ ಹಷಾನಾ. ಅಂದು ಟಗರಿನ ಕೊಂಬು ಊದುತ್ತಾರೆ. ಹತ್ತನೇ ದಿನ ಯೋಮ್ ಕಿಪ್ಪುರ್. ಸುಮಾರು 25 ಗಂಟೆ ನೀರೂ ಕುಡಿಯದ ಉಪವಾಸ. ಅಂದು ದೇವರು ಪಾಪ ಮನ್ನಿಸುತ್ತಾನೆ, ಆದರೆ ದೇವರಿಗೆ ಮಾಡಿದ ತಪ್ಪನ್ನು ಮಾತ್ರ. ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನ ಬಳಿಯೇ ಹೋಗಿ ಸರಿಮಾಡಿಕೊಳ್ಳಬೇಕು ಎಂದು ಮಿಷ್ನಾ ಖಡಾಖಂಡಿತವಾಗಿ ಹೇಳುತ್ತದೆ. ಅದಕ್ಕೇ ಆ ದಿನಗಳಲ್ಲಿ ಜನ ಒಬ್ಬರಿಗೊಬ್ಬರು ಫೋನ್ ಮಾಡಿ ಕ್ಷಮೆ ಕೇಳುತ್ತಾರೆ.

ಮನೆಮನೆಯ ದೊಡ್ಡ ಹಬ್ಬ ಮಾರ್ಚ್-ಏಪ್ರಿಲ್‌ನ ಪೆಸಾಖ್. ಈಜಿಪ್ಟಿನಿಂದ ಹೊರಡುವ ಅವಸರದಲ್ಲಿ ಹಿಟ್ಟು ಹುದುಗಲು ಬಿಡುವಿರಲಿಲ್ಲ. ಅದರ ನೆನಪಿಗೆ ಹುದುಗು ಬಂದದ್ದೇನೂ ಮನೆಯಲ್ಲಿರಬಾರದು. ಹಿಂದಿನ ರಾತ್ರಿ ಮೇಣದಬತ್ತಿ ಹಿಡಿದು ಮೂಲೆಮೂಲೆಯಲ್ಲಿ ಬ್ರೆಡ್ಡಿನ ಚೂರು ಹುಡುಕುತ್ತಾರೆ. ಹಬ್ಬದ ರಾತ್ರಿ ಸೆದೆರ್ ಎಂಬ ಊಟ. ತಿನ್ನುವುದೆಲ್ಲಕ್ಕೂ ಒಂದು ಕಥೆ. ಮಾತ್ಸಾ ಎಂಬ ಒಣ ರೊಟ್ಟಿ ಆ ಅವಸರಕ್ಕೆ, ಕಹಿ ಸೊಪ್ಪು ಗುಲಾಮಗಿರಿಗೆ, ಉಪ್ಪುನೀರು ಕಣ್ಣೀರಿಗೆ. ಮನೆಯ ಅತ್ಯಂತ ಚಿಕ್ಕ ಮಗು 'ಈ ರಾತ್ರಿ ಬೇರೆ ರಾತ್ರಿಗಳ ಹಾಗೆ ಯಾಕಿಲ್ಲ?' ಎಂದು ಹಾಡಿ ಕೇಳಬೇಕು. ಆ ಪ್ರಶ್ನೆ ಬಂದ ಮೇಲೆಯೇ ದೊಡ್ಡವರು ಕಥೆ ಹೇಳುವುದು. ಈಜಿಪ್ಟಿನ ಹತ್ತು ಪಿಡುಗುಗಳ ಹೆಸರು ಹೇಳುವಾಗ ಬಟ್ಟಲಿನಿಂದ ಹತ್ತು ಹನಿ ದ್ರಾಕ್ಷಾರಸ ತೆಗೆಯುತ್ತಾರೆ. ಶತ್ರುಗಳಾದರೂ ಅವರು ನರಳಿದರು, ನಮ್ಮ ಬಟ್ಟಲು ತುಂಬಿರಬಾರದು ಎಂದು ಹಲವರು ಅದಕ್ಕೆ ಅರ್ಥ ಹೇಳುತ್ತಾರೆ.

ಉಳಿದವುಗಳಲ್ಲಿ ಸುಕ್ಕೋತ್ ಚಪ್ಪರದ ಹಬ್ಬ. ಸೊಪ್ಪುಸದೆ ಹೊದಿಸಿದ ಗುಡಿಸಲಿನಲ್ಲಿ ವಾರವಿಡೀ ಊಟ. ಹನುಕ್ಕಾ ಎಂಟು ರಾತ್ರಿಯ ದೀಪದ ಹಬ್ಬ. ಪುರಿಮ್‌ನಲ್ಲಿ ವೇಷ ಹಾಕಿ ಎಸ್ತೇರ್ ರಾಣಿಯ ಕಥೆ ಓದುತ್ತಾರೆ. ಆ ಕಥೆಯ ಮೊದಲ ಸಾಲಿನಲ್ಲೇ ಭಾರತದ ಹೆಸರಿದೆ. ರಾಜನ ಆಳ್ವಿಕೆ ಭಾರತದಿಂದ ಆಫ್ರಿಕಾದ ಕೂಷ್ ದೇಶದವರೆಗೆ ಇತ್ತಂತೆ.

## ಹುಟ್ಟು, ಮದುವೆ, ಸಾವು

ಗಂಡು ಮಗುವಿಗೆ ಎಂಟನೇ ದಿನ ಸುನ್ನತಿ ಮಾಡಿ ಹೆಸರಿಡುತ್ತಾರೆ. ಹುಡುಗನಿಗೆ 13, ಹುಡುಗಿಗೆ 12 ತುಂಬಿದರೆ ಆಜ್ಞೆ ಪಾಲಿಸುವ ಹೊಣೆ ಅವರದೇ. ಮದುವೆ ನಾಲ್ಕು ಕಂಬದ ಬಟ್ಟೆಯ ಚಪ್ಪರದ ಕೆಳಗೆ. ಗಂಡನ ಹೊಣೆಗಳನ್ನು ಬರೆದ ಕರಾರುಪತ್ರವನ್ನು ಓದುತ್ತಾರೆ. ಕೊನೆಗೆ ವರ ಗಾಜಿನ ಲೋಟವನ್ನು ಕಾಲಿಂದ ಒಡೆಯುತ್ತಾನೆ. ಎಷ್ಟೇ ಸಂತೋಷವಿದ್ದರೂ ಕ್ರಿ.ಶ. 70ರಲ್ಲಿ ಹೋದ ದೇವಾಲಯವನ್ನು ಮರೆಯಬಾರದು ಎಂಬುದು ಅದರ ಒಂದು ವಿವರಣೆ.

ಸತ್ತರೆ ಆದಷ್ಟು ಬೇಗ ಹೂಳುತ್ತಾರೆ. ಶ್ರೀಮಂತನಿಗೂ ಬಡವನಿಗೂ ಅದೇ ಬಿಳಿ ಬಟ್ಟೆ. ಮನೆಯವರು ಏಳು ದಿನ ತಗ್ಗಾದ ಪೀಠದ ಮೇಲೆ ಕೂರುತ್ತಾರೆ, ಕನ್ನಡಿ ಮುಚ್ಚಿರುತ್ತಾರೆ. ನೆರೆಯವರು ಊಟ ತರುತ್ತಾರೆ. ಬಂದವರು ತಾವಾಗಿ ಮಾತು ತೆಗೆಯಬಾರದು, ದುಃಖದಲ್ಲಿರುವವರು ಮಾತಾಡುವವರೆಗೆ ಕಾಯಬೇಕು. ತಂದೆತಾಯಿ ತೀರಿಕೊಂಡರೆ ಮಕ್ಕಳು 11 ತಿಂಗಳು ದಿನವೂ ಕದ್ದಿಷ್ ಹೇಳುತ್ತಾರೆ. ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ಇಡೀ ದೇವರ ಸ್ತುತಿ. ಅದನ್ನು ಹೇಳಲು ಹತ್ತು ಜನ ಬೇಕು. ಹಾಗಾಗಿ ದುಃಖದಲ್ಲಿರುವವರು ಒಂಟಿಯಾಗಿ ಮನೆಯಲ್ಲಿ ಕೂರುವಂತಿಲ್ಲ, ಜನರ ನಡುವೆ ಬರಲೇಬೇಕು.

## ಎಲ್ಲರೂ ಒಂದೇ ಥರ ಅಲ್ಲ

ಮೇಲೆ ಹೇಳಿದ್ದನ್ನೆಲ್ಲ ಎಲ್ಲ ಯಹೂದಿಗಳೂ ಪಾಲಿಸುತ್ತಾರೆ ಅಂತಲ್ಲ. ಆರ್ಥೊಡಾಕ್ಸ್ ಯಹೂದಿಗಳು ಸಂಪ್ರದಾಯ ಬಿಡುವುದಿಲ್ಲ. ಸುದ್ದಿಚಿತ್ರಗಳಲ್ಲಿ ಕಾಣುವ ಕಪ್ಪು ಕೋಟು, ಕಪ್ಪು ಟೋಪಿಯ ಹರೇದಿಗಳು ಅವರಲ್ಲೇ ಒಂದು ಗುಂಪು. 19ನೇ ಶತಮಾನದ ಜರ್ಮನಿಯಲ್ಲಿ ಬೆಳೆದ ರಿಫಾರ್ಮ್ ಪಂಥ ಕಾಲಕ್ಕೆ ತಕ್ಕಂತೆ ಆಚಾರ ಬದಲಾಗಬೇಕು ಅನ್ನುತ್ತದೆ. ಅವರಲ್ಲಿ ಮಹಿಳಾ ರಬ್ಬಿಗಳು ಇದ್ದಾರೆ. ಕನ್ಸರ್ವೇಟಿವ್ ಪಂಥ ಈ ಎರಡರ ನಡುವಿನದು. ಯಾವ ಪಂಥವೂ ಬೇಡ, ಪೆಸಾಖ್ ಊಟ ಮತ್ತು ಯೋಮ್ ಕಿಪ್ಪುರ್ ಉಪವಾಸ ಸಾಕು ಅನ್ನುವವರೂ ಇದ್ದಾರೆ.

ಭಾರತದ ಯಹೂದಿಗಳೂ ಒಂದೇ ಗುಂಪಲ್ಲ. ಕೊಚ್ಚಿಯವರು, ಕೊಂಕಣದ ಬೆನೆ ಇಸ್ರೇಲಿಗಳು, ಮುಂಬೈ-ಕೋಲ್ಕತ್ತಾಗೆ ವ್ಯಾಪಾರಕ್ಕೆ ಬಂದ ಬಾಗ್ದಾದಿಗಳು, ಮಣಿಪುರ-ಮಿಜೋರಾಂನ ಬ್ನೇ ಮೆನಾಶೆಗಳು. ಬೆನೆ ಇಸ್ರೇಲಿಗಳು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಸುತ್ತಲಿನ ಮರಾಠಿ ಜನ ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು ಎಂದು ಕರೆದರು. ಅವರ ಒಂದು ಆಚಾರ ಬೇರೆ ಯಹೂದಿಗಳಲ್ಲಿ ಕಾಣುವುದಿಲ್ಲ. ಹರಕೆ ತೀರಿಸುವಾಗ, ಮದುವೆ ಮುಂತಾದ ಶುಭಕಾರ್ಯದಲ್ಲಿ ಪ್ರವಾದಿ ಎಲೀಯನ ಹೆಸರಿನಲ್ಲಿ ಮಲೀದಾ ಮಾಡುತ್ತಾರೆ. ಅವಲಕ್ಕಿ, ತೆಂಗಿನತುರಿ, ಸಕ್ಕರೆ ಕಲಸಿ, ಮೇಲೆ ಹಣ್ಣು ಇಟ್ಟು, ಹೀಬ್ರೂ ಪ್ರಾರ್ಥನೆ ಹೇಳಿ ಹಂಚುತ್ತಾರೆ.

1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಇವರಲ್ಲಿ ಹೆಚ್ಚಿನವರು ಅಲ್ಲಿಗೆ ಹೋದರು. ಉಳಿದವರಿಗೆ ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಅಲ್ಪಸಂಖ್ಯಾತರ ಸ್ಥಾನ ಕೊಟ್ಟಿತು. ಈ ಧರ್ಮದ ಒಂದು ಜಾಗವನ್ನು ಕಣ್ಣಾರೆ ನೋಡಬೇಕು ಅನಿಸಿದರೆ ನಮಗೆ ಹತ್ತಿರ ಕೊಚ್ಚಿ. ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್ ಇದೆ. ಅಲ್ಲಿ ಚಪ್ಪಲಿ ಹೊರಗೆ ಬಿಟ್ಟು, ನೀಲಿ ಚಿತ್ರದ ಚೀನೀ ಹಾಸುಗಲ್ಲುಗಳ ಮೇಲೆ ಬರಿಗಾಲಲ್ಲಿ ನಡೆಯಬೇಕು. ಶನಿವಾರ ಮಾತ್ರ ಹೋಗಬೇಡಿ, ಪ್ರವಾಸಿಗರಿಗೆ ಅಂದು ಬಾಗಿಲು ತೆರೆಯುವುದಿಲ್ಲ.